ಮ್ಯೂಟ್ ಮಾಡಿದರೆ ಮಾಯವಾಗುವ ಭಯ

ಮೊನ್ನೆ ಹಾಸ್ಟೆಲ್‌ನಲ್ಲಿ ‘ಸೈಕೊ’ ಸಿನಿಮಾದ ಬಾತ್‌ರೂಮ್ ಕೊಲೆಯ ದೃಶ್ಯವನ್ನು ಲ್ಯಾಪ್‌ಟಾಪ್ ಮ್ಯೂಟ್ ಮಾಡಿ ನೋಡಿದೆವು. ಚಾಕು ಏಳುತ್ತದೆ, ಇಳಿಯುತ್ತದೆ. ಅಷ್ಟೇ. ಯಾರೂ ಬೆಚ್ಚಲಿಲ್ಲ. ಸೌಂಡ್ ಹಾಕಿ ಮತ್ತೆ ನೋಡಿದಾಗ ರೂಮ್‌ಮೇಟ್ ದಿಂಬು ತಬ್ಬಿಕೊಂಡ. ಅವನನ್ನು ಹೆದರಿಸಿದವರು ಬರ್ನಾರ್ಡ್ ಹರ್ಮನ್.

1911ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಹರ್ಮನ್ ಪಳಗಿದ್ದು ಸಿಬಿಎಸ್ ರೇಡಿಯೊದಲ್ಲಿ. ರೇಡಿಯೊ ನಾಟಕದಲ್ಲಿ ಕತ್ತಲೆಯನ್ನೂ ಅನುಮಾನವನ್ನೂ ಕಿವಿಗೇ ಕಾಣಿಸಬೇಕಲ್ಲ! ಅಲ್ಲಿ ಜೊತೆಯಾದ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಇವರ ಮೊದಲ ಸಿನಿಮಾ. ಅದೇ ವರ್ಷದ ಇನ್ನೊಂದು ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಮನುಷ್ಯ ಮಹಾ ಮುಂಗೋಪಿ.

1960ರ ‘ಸೈಕೊ’ಗೆ ಬಜೆಟ್ ಕಡಿಮೆ. ಹರ್ಮನ್ ಕೊಳಲು, ತುತ್ತೂರಿ, ಡ್ರಮ್ ಎಲ್ಲವನ್ನೂ ಬಿಟ್ಟು ತಂತಿವಾದ್ಯಗಳನ್ನಷ್ಟೇ ಇಟ್ಟುಕೊಂಡರು. ಕಪ್ಪು-ಬಿಳುಪು ಚಿತ್ರಕ್ಕೆ ನಾದವೂ ಕಪ್ಪು-ಬಿಳುಪಾಗಿರಲಿ ಎಂಬುದು ಅವರ ತರ್ಕ. ಹಣ ಕದ್ದ ಹೆಣ್ಣೊಬ್ಬಳು ಮಳೆಯಲ್ಲಿ ಕಾರು ಓಡಿಸುವ ದೃಶ್ಯ ನೋಡಿ. ಅಲ್ಲಿ ಏನೂ ನಡೆಯುವುದಿಲ್ಲ. ಆದರೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಮಗೂ ಉಸಿರು ಬಿಡಲಾಗುವುದಿಲ್ಲ.

ಬಾತ್‌ರೂಮ್ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದರು ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಕೇಳಲಿಲ್ಲ, ಬರೆದೇಬಿಟ್ಟರು. ಮೇಲಿನ ಸ್ಥಾಯಿಯಲ್ಲಿ ಪಿಟೀಲುಗಳು ಕಿರುಚುತ್ತವೆ. ಒಂದಕ್ಕೊಂದು ಹೊಂದದ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಶ್ರುತಿ ತಪ್ಪಿದ ತಂಬೂರಿ ಕೇಳಿದವರಿಗೆ ಆ ಕಿರಿಕಿರಿ ಗೊತ್ತು. ಇದು ಅದರ ನೂರು ಪಟ್ಟು. ಕೇಳಿದ ಹಿಚ್‌ಕಾಕ್ ಮನಸ್ಸು ಬದಲಿಸಿದರು. 1963ರ ‘ದಿ ಬರ್ಡ್ಸ್’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಎಲೆಕ್ಟ್ರಾನಿಕ್ ಉಪಕರಣದಲ್ಲಿ ಹುಟ್ಟಿಸಿದ ಹಕ್ಕಿಗಳ ಸದ್ದಷ್ಟೇ. ಅದಕ್ಕೂ ಸಲಹೆಗಾರ ಹರ್ಮನ್ನೇ!

ಅದೇ ಹಟ 1966ರಲ್ಲಿ ‘ಟಾರ್ನ್ ಕರ್ಟನ್’ ಹೊತ್ತಿಗೆ ಮುಳುವಾಯಿತು. ಸ್ಟುಡಿಯೊಗೆ ಜನ ಗುನುಗುವ ಹಾಡಿನಂಥ ಸಂಗೀತ ಬೇಕಿತ್ತು. ಅಲ್ಲೂ ಒಂದು ಕೊಲೆಯ ದೃಶ್ಯಕ್ಕೆ ಸಂಗೀತ ಬೇಡವೆಂದಿದ್ದರು ಹಿಚ್‌ಕಾಕ್. ಹರ್ಮನ್ ಅಲ್ಲೂ ಬರೆದರು. ಈ ಸಲ ಮನಸ್ಸು ಬದಲಾಗಲಿಲ್ಲ. ರೆಕಾರ್ಡಿಂಗ್ ಅರ್ಧಕ್ಕೇ ನಿಂತಿತು, ಕೆಲಸ ಹೋಯಿತು. ಇಬ್ಬರೂ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ. ತಪ್ಪು ಯಾರದೆಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ಆದರೆ ಹರ್ಮನ್ ಇಲ್ಲದ ಹಿಚ್‌ಕಾಕ್ ಚಿತ್ರಗಳಲ್ಲಿ ಅಂಥ ನಡುಕ ನನಗೆ ಸಿಕ್ಕಿಲ್ಲ.

ಕೊನೆಗೆ ಅವರನ್ನು ಹುಡುಕಿಕೊಂಡು ಬಂದವರು ಹೊಸ ಹುಡುಗರು. ಮಾರ್ಟಿನ್ ಸ್ಕಾರ್ಸೆಸಿಯ ‘ಟ್ಯಾಕ್ಸಿ ಡ್ರೈವರ್’ಗೆ 1975ರ ಡಿಸೆಂಬರ್ 23ರಂದು ರೆಕಾರ್ಡಿಂಗ್ ಮುಗಿಸಿ ಮಲಗಿದ ಹರ್ಮನ್ ಮತ್ತೆ ಏಳಲಿಲ್ಲ.