ಗಾಳಿಯಲ್ಲಿ ತೇಲುವ ಸಾಧುವಿನ ವಿಡಿಯೋ ಬಂತೇ? ಮೊದಲು ಈ ಜಾದೂಗಾರನ ಮೇಜಿನ ಕಥೆ ಓದಿ

ಒಂದು ಕೋಲಿನ ಮೇಲೆ ಕೈಯಿಟ್ಟು, ನೆಲದಿಂದ ಮೂರಡಿ ಮೇಲೆ ಆರಾಮಾಗಿ ಕುಳಿತ ಸಾಧು. ಕೆಳಗೊಂದು ಚಾಪೆ. ಇದು ವಿಜ್ಞಾನಕ್ಕೇ ಸವಾಲು, ಹತ್ತು ಜನರಿಗೆ ಕಳಿಸಿ ಎಂಬ ಒಕ್ಕಣೆ. ಇಂಥ ವಿಡಿಯೋ ನಿಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಾವೆಲ್ಲ ಸಾಧುವಿನ ಮುಖ ನೋಡುತ್ತೇವೆ. ಕೋಲನ್ನಾಗಲಿ ಚಾಪೆಯನ್ನಾಗಲಿ ಯಾರೂ ಗಮನಿಸುವುದಿಲ್ಲ.

ಜನ ಎಲ್ಲಿ ನೋಡುವುದಿಲ್ಲವೋ ಗುಟ್ಟು ಅಲ್ಲಿರುತ್ತದೆ. ಇದನ್ನು ಚೆನ್ನಾಗಿ ಬಲ್ಲವನು ಫ್ರಾನ್ಸಿನ ಝಾನ್ ಯೂಜೀನ್ ರಾಬರ್ಟ್-ಹೂಡಿನ್. ಆಧುನಿಕ ಜಾದೂವಿನ ಪಿತಾಮಹ ಎಂದು ಹೆಸರಾದವನು. ಹ್ಯಾರಿ ಹುಡಿನಿ ತನ್ನ ರಂಗನಾಮವನ್ನು ಕಟ್ಟಿಕೊಂಡದ್ದೂ ಈತನ ಹೆಸರಿನಿಂದಲೇ.

ಗಡಿಯಾರದ ಅಂಗಡಿಯ ಹುಡುಗ

ಈತ ಹುಟ್ಟಿದ್ದು 1805ರಲ್ಲಿ, ಫ್ರಾನ್ಸಿನ ಬ್ಲುವಾ ಎಂಬ ಊರಿನಲ್ಲಿ. ತಂದೆ ಗಡಿಯಾರ ಮಾಡುವವರು. ಮಗ ವಕೀಲಿ ಕಲಿಯಲಿ ಎಂಬುದು ತಂದೆಯ ಆಸೆ, ಆದರೆ ಹುಡುಗನ ಕೈ ಹಲ್ಲುಚಕ್ರ, ಸ್ಪ್ರಿಂಗುಗಳ ಕಡೆಗೇ ಹೋಗುತ್ತಿತ್ತು. ಕೊನೆಗೆ ಅವನೂ ಗಡಿಯಾರದ ಕೆಲಸಕ್ಕೇ ಸೇರಿದ. ಗಡಿಯಾರ ವಿದ್ಯೆಯ ಪುಸ್ತಕ ಕೇಳಿದಾಗ ಅಂಗಡಿಯವರು ತಪ್ಪಿ ಜಾದೂ ಇರುವ ಪುಸ್ತಕ ಕಟ್ಟಿಕೊಟ್ಟರಂತೆ. ಬದುಕಿನ ದಾರಿ ಅಲ್ಲಿಂದ ಬದಲಾಯಿತು ಎಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

1830ರಲ್ಲಿ ಹೂಡಿನ್ ಮನೆತನದ ಹೆಣ್ಣುಮಗಳನ್ನು ಮದುವೆಯಾಗಿ, ಆ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡ. 1844ರ ಪ್ಯಾರಿಸ್ ಪ್ರದರ್ಶನದಲ್ಲಿ, ತಾನಾಗಿಯೇ ಬರೆಯುವ, ಚಿತ್ರ ಬಿಡಿಸುವ ಯಂತ್ರಗೊಂಬೆ ಇಟ್ಟು ಬೆಳ್ಳಿ ಪದಕ ಗೆದ್ದ. 1845ರ ಜುಲೈ 3ರಂದು ಪ್ಯಾರಿಸ್ಸಿನಲ್ಲಿ ಸುಮಾರು 200 ಆಸನಗಳ ತನ್ನದೇ ಚಿಕ್ಕ ರಂಗಮಂದಿರ ತೆರೆದ. ಆಗ ಅವನಿಗೆ ನಲವತ್ತರ ಹತ್ತಿರ ವಯಸ್ಸು. ಮೊದಲ ರಾತ್ರಿ ಎಷ್ಟು ಹೆದರಿದನೆಂದರೆ, ಆಟವನ್ನೇ ಬಿಟ್ಟುಬಿಡುವ ಯೋಚನೆ ಬಂದಿತ್ತು.

ಮೇಜಿನ ಕೆಳಗೆ ಯಾರಿದ್ದರು?

ಆ ಕಾಲದ ಅನೇಕ ಜಾದೂಗಾರರ ಮೇಜಿಗೆ ನೆಲ ಮುಟ್ಟುವಂಥ ಬಟ್ಟೆ ಹೊದಿಸಿರುತ್ತಿತ್ತು. ಒಳಗೆ ಸಹಾಯಕನೊಬ್ಬ ಕುಳಿತಿರುತ್ತಿದ್ದ. ರಾಬರ್ಟ್-ಹೂಡಿನ್ ಆ ಉದ್ದ ಬಟ್ಟೆಯನ್ನು ಬಿಟ್ಟ. ಮಂತ್ರವಾದಿಯ ನಿಲುವಂಗಿಯ ಬದಲು ಮರ್ಯಾದಸ್ಥರ ಸಂಜೆಯ ಉಡುಪು ತೊಟ್ಟ. ವೇದಿಕೆಯನ್ನು ಮನೆಯ ಪಡಸಾಲೆಯಂತೆ ಸಿಂಗರಿಸಿದ.

ಹಾಗಾದರೆ ಗುಟ್ಟು ಎಲ್ಲಿ ಹೋಯಿತು? ಮೇಜಿನೊಳಕ್ಕೇ ಹೋಯಿತು. ಹಿಂಬದಿಯಲ್ಲಿ, ಜಾದೂಗಾರನಿಗೆ ಮಾತ್ರ ಕಾಣುವಂತೆ ಒಂದು ಚಿಕ್ಕ ಹಲಗೆ. ಮೇಲ್ಭಾಗದಲ್ಲಿ ಕಣ್ಣಿಗೆ ಬೀಳದ ಕಿಂಡಿಗಳು. ಪರದೆಯ ಹಿಂದಿನಿಂದ ಎಳೆಯುವ ದಾರಗಳು, ಆ ದಾರಕ್ಕೆ ಮೇಲೆ ಕೆಳಗೆ ಆಡುವ ಕಡ್ಡಿಗಳು. ಗಡಿಯಾರ ಕಟ್ಟಿದ ಕೈಗೆ ಇದೇನೂ ಕಷ್ಟವಿರಲಿಲ್ಲ. ಮೇಜಿನ ಕೆಳಗೆ ಬಯಲು ಕಂಡ ಜನ ಇನ್ನಷ್ಟು ಬೆರಗಾದರು.

ಅವನ ಕಿತ್ತಳೆ ಮರ ನೋಡನೋಡುತ್ತ ಹೂ ಬಿಟ್ಟು ಹಣ್ಣಾಗುತ್ತಿತ್ತು. ಹಣ್ಣು ಕಿತ್ತು ಜನರಿಗೆ ಹಂಚಿದರೆ, ತಿನ್ನಲು ಬರುವ ನಿಜವಾದ ಕಿತ್ತಳೆ! ಮರ ಮಾತ್ರ ಯಂತ್ರ. ಹಣ್ಣುಗಳನ್ನು ಮೊದಲೇ ಎಲೆಗಳ ಮರೆಯಲ್ಲಿ ಮೊಳೆಗಳಿಗೆ ಚುಚ್ಚಿಟ್ಟಿರುತ್ತಿದ್ದ. ನಮ್ಮ ಮೇಲವಂಕಿ ಕಡೆಯವರಿಗೆ ಇಂಥ ಮೋಸ ಹೊಸದಲ್ಲ. ಗೋಕಾಕದ ಕಟ್ಟಿಗೆಯ ಬಣ್ಣದ ಹಣ್ಣನ್ನು ನಿಜವಾದ ಹಣ್ಣಿನ ಬುಟ್ಟಿಯಲ್ಲಿಟ್ಟರೆ, ಕೈಗೆತ್ತಿಕೊಂಡ ಮೇಲೆಯೇ ಗೊತ್ತಾಗುವುದು. ಕಣ್ಣು ಬಣ್ಣ ಮತ್ತು ಆಕಾರ ನೋಡಿ ತೀರ್ಪು ಕೊಟ್ಟುಬಿಡುತ್ತದೆ.

ಈಥರ್ ಹೆಸರಿನ ಸುಳ್ಳು

1846–47ರ ಹೊತ್ತಿಗೆ ಶಸ್ತ್ರಚಿಕಿತ್ಸೆಯಲ್ಲಿ ನೋವು ತಿಳಿಯದಂತೆ ಈಥರ್ ಕೊಡುವುದು ದೊಡ್ಡ ಸುದ್ದಿಯಾಗಿತ್ತು. 1847ರಲ್ಲಿ ರಾಬರ್ಟ್-ಹೂಡಿನ್ ತನ್ನ ಮಗನಿಗೆ ಈಥರ್ ಮೂಸಿಸಿದಂತೆ ಮಾಡಿ, ಒಂದೇ ಕೋಲಿನ ಆಸರೆಯಲ್ಲಿ ಅವನನ್ನು ಗಾಳಿಯಲ್ಲಿ ಅಡ್ಡ ಮಲಗಿಸಿದ. ಈಥರಿನಿಂದ ಮೈ ಹಗುರವಾಗುತ್ತದೆ ಎಂಬುದು ಅವನು ಕಟ್ಟಿದ ಕಥೆ. ಶೀಶೆ ಖಾಲಿಯಾಗಿತ್ತು. ವಾಸನೆ ಬರಲೆಂದು ಪರದೆಯ ಹಿಂದೆ ನಿಜವಾದ ಈಥರಿನ ಹೊಗೆ ಎಬ್ಬಿಸುತ್ತಿದ್ದರು. ಮಗುವಿನ ಆರೋಗ್ಯ ಕೆಡುತ್ತದೆಂದು ಜನ ಆಕ್ಷೇಪಿಸಿದ್ದೂ ಉಂಟು.

ಹುಡುಗನ ಭಾರ ಹೊತ್ತದ್ದು ಬಟ್ಟೆಯೊಳಗಿನ ಲೋಹದ ಆಸರೆ ಮತ್ತು ಗಟ್ಟಿಯಾಗಿ ಕೂರಿಸಿದ ಕೋಲು. ಅದಕ್ಕೂ ಮೊದಲೇ, 1830ರ ಸುಮಾರಿಗೆ, ಮದ್ರಾಸಿನಲ್ಲಿ ಶೇಷಾಲ್ ಎಂಬಾತ ಕೋಲಿನ ಮೇಲೆ ಕೈಯಿಟ್ಟು ಗಾಳಿಯಲ್ಲಿ ಕೂರುವ ಆಟ ತೋರಿಸಿ ಹೆಸರಾಗಿದ್ದ. ಇಂದಿನ ವಿಡಿಯೋದಲ್ಲಿರುವ ಉಪಾಯವೂ ಇದೇ ಬಗೆಯದು: ಕೋಲು ಉಕ್ಕಿನದು, ತೋಳಿನೊಳಗಿಂದ ಹಾದ ಸರಳು ಆಸನಕ್ಕೆ ಸೇರುತ್ತದೆ, ಚಾಪೆಯ ಕೆಳಗೆ ಭಾರವಾದ ತಗಡು.

ಎತ್ತಲಾಗದ ಪೆಟ್ಟಿಗೆ

ಆತನ ಬದುಕಿನಲ್ಲಿ ಪ್ರಶ್ನಿಸಬೇಕಾದ ಅಧ್ಯಾಯವೂ ಇದೆ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ತನ್ನ ವಸಾಹತಾಗಿದ್ದ ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಧಾರ್ಮಿಕ ಮುಖಂಡರ ಪವಾಡಗಳಿಗಿಂತ ಫ್ರೆಂಚರ ಶಕ್ತಿ ದೊಡ್ಡದೆಂದು ತೋರಿಸುವುದು ಉದ್ದೇಶ. ಮಗುವೂ ಎತ್ತಬಹುದಾದ ಒಂದು ಚಿಕ್ಕ ಪೆಟ್ಟಿಗೆ. ನಿನ್ನ ಬಲವನ್ನೆಲ್ಲ ತೆಗೆದಿದ್ದೇನೆ ಎಂದು ಜಾದೂಗಾರ ಹೇಳಿದ ಮೇಲೆ, ಗಟ್ಟಿಮುಟ್ಟಾದ ಆಳು ಎಷ್ಟು ಜಗ್ಗಿದರೂ ಅದು ಮೇಲೇಳಲಿಲ್ಲ. ಆಮೇಲೆ ಹಿಡಿಕೆಯಿಂದ ಕರೆಂಟ್ ಹೊಡೆದು ಆತ ಕುಸಿದ.

ಪೆಟ್ಟಿಗೆಯ ತಳ ಕಬ್ಬಿಣದ್ದು, ನೆಲದ ಕೆಳಗೆ ವಿದ್ಯುತ್ಕಾಂತ. ಮೊಳೆಗೆ ತಂತಿ ಸುತ್ತಿ ಬ್ಯಾಟರಿ ಜೋಡಿಸುವ ನಮ್ಮ ಶಾಲೆಯ ಪ್ರಯೋಗವೇ ಇದು. ತೋರಿಸಿದ್ದು ಕೈಚಳಕ ಮಾತ್ರವೆಂದು ಆಮೇಲೆ ಜನರಿಗೆ ತಿಳಿಸಲಾಯಿತು ಎಂದು ಆತ ಬರೆದಿದ್ದಾನೆ. ಆದರೂ ಹೆದರಿಸಿ ಆಳುವವರ ಕೈಗೆ ಆತ ತನ್ನ ವಿದ್ಯೆ ಕೊಟ್ಟದ್ದು ಸುಳ್ಳಲ್ಲ. ಆತ್ಮಕಥೆಯಲ್ಲಿ ಕೊಚ್ಚಿಕೊಂಡದ್ದೂ ಇದೆ ಎಂದು ವಾದಿಸಿ, ಅವನ ಹೆಸರನ್ನೇ ಹೊತ್ತ ಹುಡಿನಿ 1908ರಲ್ಲಿ ಒಂದು ಪುಸ್ತಕ ಬರೆದ.

ಅದೇ ರಾಬರ್ಟ್-ಹೂಡಿನ್ 1861ರಲ್ಲಿ ಇಸ್ಪೀಟಿನ ಮೋಸಗಾರರ ಕೈಚಳಕವನ್ನು ಬಯಲು ಮಾಡುವ ಪುಸ್ತಕ ಬರೆದ, 1868ರಲ್ಲಿ ಜಾದೂವಿನ ಗುಟ್ಟುಗಳನ್ನೇ ಬರೆದು ಹಂಚಿದ. 1870ರ ಯುದ್ಧದಲ್ಲಿ ಮಗನೊಬ್ಬನನ್ನು ಕಳೆದುಕೊಂಡು, 1871ರ ಜೂನ್ 13ರಂದು ನ್ಯುಮೋನಿಯಾದಿಂದ ತೀರಿಕೊಂಡ.

ನೀವೇ ಒಂದು ಮೇಜು ಮಾಡಿ ನೋಡಿ

ಎದುರಿಗೇ ಕುಳಿತವರಿಗೆ ನಾಣ್ಯ, ಇಸ್ಪೀಟಿನ ಆಟ ತೋರಿಸಲು ದೊಡ್ಡ ಯಂತ್ರ ಬೇಡ. ಊರಿನ ಬಡಿಗೇರರಿಂದ ಎರಡಡಿ ಉದ್ದದ ಪ್ಲೈವುಡ್ ಹಲಗೆ ಕತ್ತರಿಸಿಕೊಳ್ಳಿ. ಮೇಲೆ ತೆಳುವಾದ ಸ್ಪಂಜು, ಅದರ ಮೇಲೆ ಕಪ್ಪು ಅಥವಾ ಕಡುಹಸಿರು ಮಖಮಲ್ಲು ಬಿಗಿದು ಅಂಟಿಸಿ. ಮೆತ್ತಗಿರುವುದರಿಂದ ನಾಣ್ಯ ಸದ್ದು ಮಾಡುವುದಿಲ್ಲ, ಎಲೆಯ ಅಂಚಿನ ಕೆಳಗೆ ಬೆರಳು ಸುಲಭವಾಗಿ ಹೋಗುತ್ತದೆ. ನಿಮ್ಮ ಕಡೆಗೆ, ಮೇಲ್ಭಾಗಕ್ಕಿಂತ ನಾಲ್ಕು ಬೆರಳು ಕೆಳಗೆ, ಬಟ್ಟೆ ಸುತ್ತಿದ ಒಂದು ಚಿಕ್ಕ ಹಲಗೆ ಜೋಡಿಸಿ. ನಾಣ್ಯ ಮಾಯವಾಗುವುದು ಅಲ್ಲಿಗೇ. ಈಗ ಎದುರಿನ ಕುರ್ಚಿಯಲ್ಲಿ ಕುಳಿತು ನೋಡಿ, ಆ ಹಲಗೆ ನಿಮಗೂ ಕಾಣುವುದಿಲ್ಲ. ಮಕ್ಕಳಿಗೆ ಎರಡೂ ಕಡೆ ಕೂರಿಸಿ ತೋರಿಸಿದರೆ, ನೂರು ಭಾಷಣಕ್ಕಿಂತ ಹೆಚ್ಚು ಕಲಿಯುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದರು. ಪರೀಕ್ಷೆಗೆ ಒಪ್ಪಿಕೊಳ್ಳಿ ಎಂಬುದಷ್ಟೇ ಅವರ ಬೇಡಿಕೆ. ಮೊಬೈಲ್ ವಿಡಿಯೋದಲ್ಲಿ ಮೇಜಿನ ಹಿಂದೆ ಹೋಗಿ ನೋಡಲು ನಮಗೆ ಆಗುವುದಿಲ್ಲ, ಕ್ಯಾಮೆರಾ ತೋರಿಸಿದ್ದಷ್ಟೇ ಕಾಣುತ್ತದೆ. ಜಾದೂಗಾರ ಟಿಕೆಟ್ ಹಣ ಪಡೆದು ಬೆರಗು ಕೊಡುತ್ತಾನೆ. ಅದೇ ಆಟವನ್ನು ದೈವಶಕ್ತಿ ಎಂದು ಹೇಳಿ ರೋಗ ವಾಸಿಗೆ, ಸಾಲ ತೀರಿಕೆಗೆ ಹಣ ಕೇಳಿದರೆ ಅದು ಮೋಸ. ಮುಂದಿನ ಸಲ ಪವಾಡದ ವಿಡಿಯೋ ಬಂದಾಗ ಮುಖ ಬಿಟ್ಟು ಕೋಲು, ಚಾಪೆ, ಮೇಜು ನೋಡಿ. ಆಮೇಲೆ ಕಳಿಸಬೇಕೋ ಬೇಡವೋ ತೀರ್ಮಾನಿಸಿ.