ಖ್ವಾಜಾ ಮಹಮೂದ್ ಗವಾನ್: ಕೆಲಸ ಹಂಚಿದ ವಜೀರ

ನಮ್ಮ ಶಾಲೆಗಳಲ್ಲಿ ಓದುವ ಮಕ್ಕಳ ಪಾಲಕರಲ್ಲಿ ಸ್ವಂತ ಉದ್ಯೋಗ ಮಾಡುವವರು ಬಹಳ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡು ಹಾಕಿದವರು, ಬಬಲೇಶ್ವರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು, ವಿಜಯಪುರ ಶಹರದಲ್ಲಿ ಬೇಕರಿ, ಗ್ಯಾರೇಜು, ಬಟ್ಟೆ ಅಂಗಡಿ ನಡೆಸುವವರು. ಪಾಲಕರ ಸಭೆಗೆ ಬಂದಾಗ ಇವರೆಲ್ಲರೂ ಹೇಳುವ ಮಾತು ಒಂದೇ: ನಸುಕಿನಿಂದ ರಾತ್ರಿಯವರೆಗೆ ದುಡಿದರೂ ಕೆಲಸ ಮುಗಿಯುವುದಿಲ್ಲ, ಮಕ್ಕಳ ಮುಖ ನೋಡಲೂ ಹೊತ್ತಿಲ್ಲ. ಸಮಯ ಹೊಂದಿಸಿಕೊಳ್ಳುವುದು ಹೇಗೆಂದು ಹೇಳುವ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ವ್ಯಾಪಾರಿಯಾಗಿ ಬಂದು, ಒಂದು ದೊಡ್ಡ ರಾಜ್ಯದ ಸಮಸ್ತ ಭಾರವನ್ನು ಹೊತ್ತು, ಆ ಭಾರವನ್ನು ಹೇಗೆ ಹಂಚಬೇಕೆಂದು ಮಾಡಿ ತೋರಿಸಿದ ಮಹನೀಯರೊಬ್ಬರು ನಮ್ಮ ಪಕ್ಕದ ಬೀದರಿನಲ್ಲೇ ಇದ್ದರು. ಅವರೇ ಖ್ವಾಜಾ ಮಹಮೂದ್ ಗವಾನ್. ಅವರ ಹೆಸರು ಕೇಳದವರು ಕಡಿಮೆ. ಬೀದರಿನ ಮದ್ರಸಾ ಕಟ್ಟಿಸಿದವರೆಂದು ಪಾಠದಲ್ಲಿ ಓದಿರುತ್ತೇವೆ. ಅವರು ದಿನನಿತ್ಯ ಕೆಲಸ ಮಾಡುತ್ತಿದ್ದ ಬಗೆಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಇರಾನಿನ ಗೀಲಾನ್ ಪ್ರಾಂತದ ಗವಾನ್ ಎಂಬ ಊರಿನಲ್ಲಿ 1411ರ ಸುಮಾರಿಗೆ ಅವರ ಜನನ. ಮನೆತನ ದೊಡ್ಡದು, ಆದರೆ ಅಲ್ಲಿನ ದರ್ಬಾರಿನ ಒಳಜಗಳದಿಂದಾಗಿ ಊರು ಬಿಡಬೇಕಾಯಿತು. ವಜೀರಗಿರಿ ನೀಡುತ್ತೇವೆಂದು ಬೇರೆ ದರ್ಬಾರುಗಳು ಕರೆದರೂ ಒಲ್ಲೆನೆಂದು ವ್ಯಾಪಾರ ಹಿಡಿದರು. 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದಾಗ ಅವರಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸೂಫಿ ಮಹನೀಯ ಶಾಹ್ ಮುಹಿಬ್ಬುಲ್ಲಾ ಅವರನ್ನು ಕಂಡು, ಆಮೇಲೆ ದೆಹಲಿಗೆ ಹೋಗುವುದು ಅವರ ಇಚ್ಛೆಯಾಗಿತ್ತು. ದೆಹಲಿಗೆ ಹೋಗಲೇ ಇಲ್ಲ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಅವರ ಯೋಗ್ಯತೆ ಗುರುತಿಸಿ ಬೀದರಿನಲ್ಲೇ ಉಳಿಸಿಕೊಂಡನು. ಮುಂದಿನ ಸುಲ್ತಾನ ಹುಮಾಯೂನನು ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದು ಕೊಟ್ಟು, ನಮ್ಮ ಬಿಜಾಪುರ ಪ್ರಾಂತದ ಉಸ್ತುವಾರಿಯನ್ನೂ ಒಪ್ಪಿಸಿದನು. 1461ರಲ್ಲಿ ಹುಮಾಯೂನ್ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ರಾಜಮಾತೆ ಮಖ್ದೂಮಾ-ಎ-ಜಹಾನ್ ನರ್ಗಿಸ್ ಬೇಗಂ ರಾಜ್ಯಭಾರ ವಹಿಸಿಕೊಂಡರು. ಅವರಿಗೆ ಸಹಾಯಕರಾಗಿ ನಿಂತ ಇಬ್ಬರು ವಜೀರರಲ್ಲಿ ಗವಾನ್ ಒಬ್ಬರು. 1466ರಿಂದ ಮೂರನೆಯ ಮಹಮ್ಮದ್ ಶಾಹನ ಪ್ರಧಾನ ವಜೀರರಾಗಿ ಹದಿನೈದು ವರ್ಷ ರಾಜ್ಯ ನಡೆಸಿದರು.

ಆ ಹದಿನೈದು ವರ್ಷದ ಅವರ ದಿನಚರಿ ಊಹಿಸಿ ನೋಡಿರಿ. ಆಗ ಬೀದರಿಗೆ ಬಂದಿದ್ದ ರಷ್ಯಾ ದೇಶದ ವರ್ತಕ ಅಫನಾಸಿ ನಿಕಿತಿನ್, ಈ ವಜೀರರ ಪಂಕ್ತಿಯಲ್ಲಿ ದಿನಾಲೂ 500 ಜನ ಊಟಕ್ಕೆ ಕೂರುತ್ತಿದ್ದರೆಂದು ಬರೆದಿದ್ದಾನೆ. ಅತ್ತ ಮಾಳವದ ಸೈನ್ಯ, ಇತ್ತ ವಿಜಯನಗರ, ಮೂಡಲಿಗೆ ಒಡಿಶಾದ ಗಜಪತಿ. 1469ರಿಂದ 1472ರವರೆಗೆ ಸ್ವತಃ ಕೊಂಕಣದ ದಂಡಯಾತ್ರೆಯಲ್ಲಿದ್ದು ಗೋವೆಯನ್ನು ಗೆದ್ದರು. ಮಳೆಗಾಲದಲ್ಲಿ ಕೊಲ್ಹಾಪುರದಲ್ಲಿ ಬೀಡು ಬಿಟ್ಟು, ಮಳೆ ನಿಂತ ಮೇಲೆ ಮತ್ತೆ ಘಟ್ಟ ಇಳಿಯುತ್ತಿದ್ದರು. ಆ ಬೀಡಿನಿಂದಲೇ ಪತ್ರಗಳು ಹೋಗುತ್ತಿದ್ದವು: ತುರ್ಕಿಯ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ, ತಮ್ಮ ಮಕ್ಕಳಿಗೆ, ಬೀದರಿನಲ್ಲಿ ತಮ್ಮ ಬೆನ್ನ ಹಿಂದೆ ಪಿತೂರಿ ಮಾಡುತ್ತಿದ್ದವರ ಬಗ್ಗೆ ಸ್ನೇಹಿತರಿಗೆ. ಸುಮಾರು ಒಂದೂವರೆ ನೂರು ಪತ್ರಗಳು ರಿಯಾಜ್-ಉಲ್-ಇನ್ಶಾ ಎಂಬ ಸಂಗ್ರಹದಲ್ಲಿ ಉಳಿದಿವೆ.

ಪತ್ರ ಬರೆಯುವುದೇ ಒಂದು ದೊಡ್ಡ ಹೊರೆ ಎಂದು ಅವರಿಗೆ ಅನಿಸಿರಬೇಕು. ಯಾವ ದರ್ಜೆಯವರಿಗೆ ಹೇಗೆ ಬರೆಯಬೇಕು, ಒಕ್ಕಣೆ ಹೇಗಿರಬೇಕು ಎಂಬುದನ್ನು ವಿವರಿಸಿ ಮನಾಜಿರ್-ಉಲ್-ಇನ್ಶಾ ಎಂಬ ಗ್ರಂಥವನ್ನೇ ರಚಿಸಿದರು. ಒಮ್ಮೆ ಕ್ರಮ ಬರೆದಿಟ್ಟರೆ ಮುನ್ಷಿಗಳು ಪ್ರತಿ ಸಲವೂ ಬಂದು ಕೇಳಬೇಕಿಲ್ಲ. ಅಂಗಡಿಯಲ್ಲಿ ಕೆಲಸದ ಹುಡುಗನಿಗೆ ಅದೇ ಮಾತನ್ನು ನೂರು ಸಲ ಹೇಳಿ ಗಂಟಲು ನೋಯಿಸಿಕೊಳ್ಳುವ ನಮ್ಮ ಜನ ಇದನ್ನು ಗಮನಿಸಬೇಕು.

ಇನ್ನು ಅವರ ಮುಖ್ಯ ಕೆಲಸಕ್ಕೆ ಬರೋಣ. ಬಹಮನಿ ರಾಜ್ಯದಲ್ಲಿ ಮೊದಲು ಇದ್ದದ್ದು ನಾಲ್ಕು ತರಫು, ಅಂದರೆ ನಾಲ್ಕು ಪ್ರಾಂತ. ರಾಜ್ಯ ಸಮುದ್ರದಿಂದ ಸಮುದ್ರಕ್ಕೆ ಬೆಳೆಯಿತು, ತರಫುಗಳು ಮಾತ್ರ ನಾಲ್ಕೇ ಉಳಿದವು. ಒಬ್ಬೊಬ್ಬ ತರಫ್‌ದಾರನ ಕೈಯಲ್ಲಿ ರಾಜ್ಯದ ದೊಡ್ಡ ಪಾಲು. ಅಲ್ಲಿನ ಕೋಟೆಗಳೆಲ್ಲ ಅವನವೇ, ಸೈನ್ಯ ಅವನದೇ, ಲೆಕ್ಕವೂ ಅವನದೇ. ಗವಾನ್ ಈ ನಾಲ್ಕನ್ನು ಎಂಟು ಮಾಡಿದರು. ವರ್‍ಹಾಡವನ್ನು ಗಾವಿಲ್ ಮತ್ತು ಮಾಹೂರ್ ಎಂದು, ದೌಲತಾಬಾದನ್ನು ದೌಲತಾಬಾದ್ ಮತ್ತು ಜುನ್ನರ್ ಎಂದು, ತೆಲಂಗಾಣವನ್ನು ವಾರಂಗಲ್ ಮತ್ತು ರಾಜಮಹೇಂದ್ರಿ ಎಂದು, ಗುಲಬರ್ಗಾವನ್ನು ಗುಲಬರ್ಗಾ ಮತ್ತು ಬಿಜಾಪುರ ಎಂದು ಒಡೆದರು. ಪ್ರತಿ ತರಫ್‌ದಾರನಿಗೆ ಒಂದೇ ಕೋಟೆ. ಉಳಿದ ಕೋಟೆಗಳ ಕಿಲ್ಲೇದಾರರು ನೇರ ಸುಲ್ತಾನನಿಗೆ ಉತ್ತರ ಕೊಡಬೇಕು. ಪ್ರತಿ ತರಫಿನಲ್ಲಿಯೂ ಸ್ವಲ್ಪ ಭೂಮಿಯನ್ನು ನೇರವಾಗಿ ದೊರೆಯ ಖಜಾನೆಗೆ ತೆಗೆದಿಟ್ಟರು. ಭೂಮಿ ಅಳೆಸಿ, ಊರುಗಳ ಸೀಮೆ ಗುರುತಿಸಿ, ಕಂದಾಯ ನಿಗದಿ ಮಾಡಿಸಿದರು. ಸರದಾರರ ಸಂಬಳ ಹೆಚ್ಚಿಸಿದರು. ಆದರೆ ಲೆಕ್ಕದಲ್ಲಿರುವಷ್ಟು ಸಿಪಾಯಿಗಳನ್ನು ಇಡದಿದ್ದರೆ ಅಷ್ಟು ಹಣ ವಾಪಸು ವಸೂಲಿ.

ಇಲ್ಲಿ ಸೂಕ್ಷ್ಮವೊಂದಿದೆ. ಹೊರೆ ಹಂಚುವುದೆಂದರೆ ಯಾರಿಗೋ ಕೊಟ್ಟು ಮರೆಯುವುದಲ್ಲ. ಅವರು ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದರು, ಒಬ್ಬೊಬ್ಬನಿಗೂ ಅವನ ಗಡಿ ತೋರಿಸಿದರು, ಮಾಡಿದ ಕೆಲಸವನ್ನು ಇನ್ನೊಬ್ಬ ನೋಡುವಂತೆ ಇಟ್ಟರು. ಇದರಿಂದ ವಜೀರನಿಗೆ ಎಲ್ಲ ಕಡೆಯೂ ತಾನೇ ಓಡುವ ಅಗತ್ಯ ತಪ್ಪಿತು. ದ್ರಾಕ್ಷಿ ಸೀಜನ್ನಿನಲ್ಲಿ ತೋಟ, ಶೆಡ್ಡು, ಕೋಲ್ಡ್ ಸ್ಟೋರೇಜು, ಪೇಟೆ ಎಂದು ನಾಲ್ಕೂ ಕಡೆ ತಾನೇ ಓಡುವ ನಮ್ಮ ರೈತ-ವ್ಯಾಪಾರಿಗಳಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಹಣದ ವಿಷಯದಲ್ಲಿಯೂ ಅದೇ ಶಿಸ್ತು. ಇದನ್ನು ದಾಖಲಿಸಿದವನು ಇತಿಹಾಸಕಾರ ಫಿರಿಶ್ತಾ. ಆತ ಗವಾನರ ನಂತರ ನೂರು ವರ್ಷಕ್ಕೂ ಮೀರಿ, ನಮ್ಮ ಬಿಜಾಪುರದಲ್ಲೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಕುಳಿತು ಬರೆದವನು. ಅವನ ಪ್ರಕಾರ ಗವಾನ್ ಊರಿನಿಂದ ತಂದ ಬಂಡವಾಳ 40,000 ಲಾರಿ. (ಲಾರಿ ಎಂದರೆ ಮೋಟಾರು ಗಾಡಿಯಲ್ಲ, ಬೆಳ್ಳಿಯ ತಂತಿಯನ್ನು ಮಡಚಿ ಮಾಡಿದ ನಾಣ್ಯ, ಮುಂದೆ ಆದಿಲ್‌ಶಾಹಿಯವರೂ ಇದನ್ನು ಟಂಕಿಸಿದರು.) ವಜೀರರಾದ ಮೇಲೂ ಈ ಬಂಡವಾಳದ ವ್ಯಾಪಾರ ನಿಲ್ಲಿಸಲಿಲ್ಲ. ತಮ್ಮ ಅನ್ನ-ಬಟ್ಟೆಯ ಖರ್ಚು ಅದರಿಂದಲೇ. ಜಹಗೀರಿನ ಆದಾಯ ಮಾತ್ರ ಬೇರೆ: ಅದರಲ್ಲಿ ಸೈನ್ಯ, ಆನೆ, ಕುದುರೆಗಳ ಖರ್ಚಿಗೆ ಒಂದು ಖಜಾನೆ, ಬಡವರಿಗೆ ಇನ್ನೊಂದು. ಒಂದರ ಹಣ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. 500 ಜನರಿಗೆ ಉಣಬಡಿಸುತ್ತಿದ್ದ ಅವರು ತಮ್ಮ ಅಡಿಗೆಗೆ ಮಣ್ಣಿನ ಪಾತ್ರೆ ಬಳಸುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು. ಗಲ್ಲಾಪೆಟ್ಟಿಗೆಗೆ ಕೈ ಹಾಕಿ ಮನೆಯ ಸಂತೆ ಮಾಡುವವರಿಗೆ ಕೀರ್ದಿ ಎಂದೂ ತಾಳೆಯಾಗುವುದಿಲ್ಲ. ವಜೀರರ ಕೀರ್ದಿ ತಾಳೆಯಾಗಿತ್ತು ಎಂಬುದು ಅವರ ಮರಣದ ಮೇಲೆ ಗೊತ್ತಾಯಿತು.

ಬಿಡುವು ಸಿಕ್ಕಾಗ ಅವರು ಹೋಗುತ್ತಿದ್ದದ್ದು ತಾವೇ ಕಟ್ಟಿಸಿದ ಮದ್ರಸಾಕ್ಕೆ. 1472ರಲ್ಲಿ ಪೂರ್ಣಗೊಂಡ ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಉಪನ್ಯಾಸ ಕೊಠಡಿಗಳು, ಮಸೀದಿ, ವಿದ್ಯಾರ್ಥಿಗಳ ವಸತಿ, ಸುಮಾರು 3,000 ಗ್ರಂಥಗಳ ಪುಸ್ತಕಾಲಯ ಇದ್ದವು. ರಾಜ್ಯದ ಕೆಲಸದ ನಡುವೆ ಓದಿಗೆ ಹೊತ್ತು ಉಳಿಸಿಕೊಂಡಿದ್ದರು ಎಂಬುದೇ, ಕೆಲಸ ಹಂಚಿದ್ದು ಫಲಿಸಿತ್ತು ಎನ್ನಲು ಸಾಕು.

ಆದರೆ ಅಧಿಕಾರ ಅರ್ಧವಾದವರು ಸುಮ್ಮನಿರುತ್ತಾರೆಯೇ? ತೆಲಂಗಾಣ ಪೂರ್ತಿ ತನ್ನದಾಗಬೇಕೆಂದಿದ್ದ ನಿಜಾಮ್-ಉಲ್-ಮುಲ್ಕ್ ಮಲಿಕ್ ಹಸನ್ ಬಹ್ರಿಗೆ ರಾಜಮಹೇಂದ್ರಿ ಮಾತ್ರ ದಕ್ಕಿತ್ತು. ಅವನೂ ಅವನ ಕಡೆಯವರೂ ಸೇರಿ ಒಂದು ಸಣ್ಣ ಬಿರುಕು ಹುಡುಕಿದರು. ವಜೀರರ ಮೊಹರು ಒಬ್ಬ ಹಬ್ಶಿ ಗುಲಾಮನ ವಶದಲ್ಲಿ ಇರುತ್ತಿತ್ತು. ಅವನ ಸ್ನೇಹ ಬೆಳೆಸಿ, ಕಾಣಿಕೆ ಕೊಟ್ಟು, ಒಂದು ದಿನ ಚೆನ್ನಾಗಿ ಕುಡಿಸಿ, ಮಡಚಿದ ಕಾಗದವೊಂದನ್ನು ಮುಂದಿಟ್ಟರು. ಇದು ನಮ್ಮ ಸ್ನೇಹಿತನೊಬ್ಬನ ಲೆಕ್ಕದ ಕಾಗದ, ಎಲ್ಲ ಕಚೇರಿಗಳ ಮುದ್ರೆ ಬಿದ್ದಿದೆ, ವಜೀರರದೊಂದು ಬಾಕಿ ಎಂದರು. ಅವನು ಬಿಚ್ಚಿ ನೋಡಲಿಲ್ಲ, ಒತ್ತಿಬಿಟ್ಟ. ಕಾಗದ ಖಾಲಿ ಇತ್ತು. ಅದರ ಮೇಲೆ, ಸುಲ್ತಾನ ಕುಡಿತದಲ್ಲಿ ಮುಳುಗಿದ್ದಾನೆ, ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ವಜೀರರೇ ಬರೆದಂತೆ ಪತ್ರ ಸೃಷ್ಟಿಸಿದರು.

ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯ ಬೀಡಿನಲ್ಲಿದ್ದ. ಅಮಲಿನಲ್ಲಿದ್ದವನಿಗೆ ಪತ್ರ ತೋರಿಸಲಾಯಿತು. ಕರೆ ಬಂದಾಗ ಹಿತೈಷಿಗಳು, ಇಂದು ಹೋಗಬೇಡಿ, ಕುದುರೆಗಳು ಸಿದ್ಧವಿವೆ, ಗುಜರಾತಿಗೆ ನಡೆಯಿರಿ ಎಂದರೂ ಗವಾನ್ ಹೋದರು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಹೇಳಿದರು. ವಿಚಾರಣೆ ಅಷ್ಟಕ್ಕೇ ಮುಗಿಯಿತು. 1481ರ ಏಪ್ರಿಲ್ 5ರಂದು, ಎಪ್ಪತ್ತರ ವಯಸ್ಸಿನಲ್ಲಿ ಅವರ ಶಿರಚ್ಛೇದವಾಯಿತು.

ಗವಾನರು ಅತಿಯಾಗಿ ನಂಬಿ ಕೆಟ್ಟರು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತರಫ್‌ದಾರರನ್ನು ಅವರು ಕುರುಡಾಗಿ ನಂಬಿರಲಿಲ್ಲ, ಒಬ್ಬೊಬ್ಬನ ಮೇಲೂ ಇನ್ನೊಬ್ಬನ ಕಣ್ಣು ಇಟ್ಟಿದ್ದರು. ಕಣ್ಣಿಲ್ಲದೆ ಉಳಿದದ್ದು ಅವರ ಮೊಹರು ಒಂದೇ. ಎಂಟು ಪ್ರಾಂತಗಳ ಕೆಲಸ ಹಂಚಬಹುದಿತ್ತು, ಹಂಚಿದರು. ಅವರ ಹೆಸರನ್ನೇ ಹೊತ್ತಿದ್ದ ಆ ಅಂಗೈಯಗಲದ ವಸ್ತು ಹಂಚುವಂಥದ್ದಾಗಿರಲಿಲ್ಲ. ನಮ್ಮ ಪೇಟೆಯಲ್ಲಿ ಇಂದಿಗೂ ಸಹಿ ಮಾಡಿದ ಖಾಲಿ ಚೆಕ್ಕಿನ ಪುಸ್ತಕ ಗುಮಾಸ್ತನ ಡ್ರಾವರಿನಲ್ಲಿರುತ್ತದೆ. ಜಿಎಸ್‌ಟಿಯ ಪಾಸ್‌ವರ್ಡು, ಬ್ಯಾಂಕಿನ ಓಟಿಪಿ ಫೋನಿನಲ್ಲೇ ಯಾರಿಗೋ ಹೇಳಿಬಿಡುತ್ತೇವೆ, ಕೆಲಸದ ಗಡಿಬಿಡಿ ಎಂದು. ಹತ್ತು ಕೆಲಸ ಬಿಟ್ಟುಕೊಟ್ಟಾದರೂ ಈ ಒಂದನ್ನು ಮಾಲೀಕನೇ ಕುಳಿತು, ಬಿಚ್ಚಿ ಓದಿ ಮಾಡಬೇಕಾಗುತ್ತದೆ.

ವಜೀರರ ಖಜಾನೆಯಲ್ಲಿ ಅಪಾರ ಸಂಪತ್ತಿದೆ ಎಂದು ಸುಲ್ತಾನ ಖಜಾಂಚಿಯನ್ನು ಕರೆಸಿದ. ಸೈನ್ಯದ ಖಜಾನೆಯಲ್ಲಿ ಅಲ್ಪ ಮೊತ್ತ, ಬಡವರ ಖಜಾನೆಯಲ್ಲಿ 300 ಲಾರಿಯ ಒಂದು ಚೀಲ, ಅಷ್ಟೇ ಇತ್ತು. ತಾನು ಮಾಡಿದ್ದು ಏನೆಂದು ಸುಲ್ತಾನನಿಗೆ ಆಗ ತಿಳಿಯಿತು. ಮರುವರ್ಷವೇ, 1482ರಲ್ಲಿ, ಅವನೂ ತೀರಿಕೊಂಡ. ದೊಡ್ಡ ಸರದಾರರು ದರ್ಬಾರಿಗೆ ಬರುವುದನ್ನೇ ಬಿಟ್ಟು ತಮ್ಮ ತಮ್ಮ ಪ್ರಾಂತಗಳಲ್ಲಿ ಕುಳಿತರು. ಗವಾನರ ನೆರಳಿನಲ್ಲಿ ಬೆಳೆದಿದ್ದ ಯೂಸುಫ್ ಆದಿಲ್ ಖಾನನಿಗೆ, ಗವಾನರೇ ನೋಡಿಕೊಳ್ಳುತ್ತಿದ್ದ ಬಿಜಾಪುರ ತರಫು ಬಂತು. ಸುಮಾರು 1490ರಲ್ಲಿ ಅವನು ಸ್ವತಂತ್ರನಾದ.

ಮದ್ರಸಾದ ಮುಂಭಾಗದ ಒಂದು ಮಿನಾರು ಮತ್ತು ಗೋಡೆ 1696ರಲ್ಲಿ ಸಿಡಿತದಿಂದ ಬಿದ್ದುಹೋದವು; ಉಳಿದ ಮಿನಾರಿನ ಮೇಲೆ ನೀಲಿ-ಹಸಿರು ಹೆಂಚುಗಳು ಇನ್ನೂ ಕಾಣುತ್ತವೆ. ಶಾಲಾ ಪ್ರವಾಸದಲ್ಲಿ ಬೀದರಿಗೆ ಹೋದವರು ಅದನ್ನು ನೋಡಿಕೊಂಡು ಕೋಟೆಯ ಕಡೆ ನಡೆದುಬಿಡುತ್ತಾರೆ. ಊರ ಹೊರಗೆ ಗೋರ್ನಳ್ಳಿಯ ಬಳಿ ಗವಾನರ ಸಮಾಧಿ ಇದೆ. ಬಹಮನಿ ದೊರೆಗಳ ಗುಮ್ಮಟಗಳಂಥ ದೊಡ್ಡ ಕಟ್ಟಡವೇನೂ ಅಲ್ಲ. ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗುವಂತೆ ಶಿಕ್ಷಕ ಬಾಂಧವರಲ್ಲಿ ಕೇಳಿಕೊಳ್ಳುತ್ತೇನೆ.