ಎಲುಬುಗಳ ಮಾತನ್ನರಿತ ರಾಬರ್ಟ್ ಬ್ರೂಸ್ ಫೂಟ್

ಗೋಕಾಕವೆಂದೊಡನೆ ನಮಗೆ ನೆನಪಾಗುವುವು ಘಟಪ್ರಭೆಯ ಜಲಪಾತ ಮತ್ತು ಕರದಂಟು. ಆದರೆ ಆ ಸೀಮೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗಗಳು ಸಂಚರಿಸುತ್ತಿದ್ದುವೆಂಬುದನ್ನು ಬಲ್ಲವರು ವಿರಳ. ಈ ಸಂಗತಿಯನ್ನು ಮಣ್ಣಿನಲ್ಲಿ ಹೂತ ಎಲುಬುಗಳಿಂದ ತಿಳಿದು ಲೋಕಕ್ಕೆ ಸಾರಿದವರು ರಾಬರ್ಟ್ ಬ್ರೂಸ್ ಫೂಟ್.

ಫೂಟರು 1834ರ ಸಪ್ಟಂಬರ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಯನ್ನು ಸೇರಿದರು. ಬಂಡೆಗಳನ್ನು ಪರೀಕ್ಷಿಸಿ ನಕಾಶೆ ಬರೆಯುವುದು ಅವರ ಉದ್ಯೋಗ. ಆದರೆ ಅವರ ದೃಷ್ಟಿ ಕಾಲಕೆಳಗಿನ ಸಣ್ಣ ಕಲ್ಲನ್ನೂ ಬಿಡುತ್ತಿರಲಿಲ್ಲ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಕಲ್ಲಿನ ಆಯುಧವು, ಭಾರತದಲ್ಲಿಯೂ ಹಳೆಯ ಶಿಲಾಯುಗದ ಮಾನವನು ಬಾಳಿದ್ದನೆಂಬುದಕ್ಕೆ ಸಾಕ್ಷಿಯಾಯಿತು.

ಮುಂದೆ ಬೆಳಗಾಂವಿ ಸೀಮೆಯಲ್ಲಿ ಸಂಚರಿಸುತ್ತಿರುವಾಗ ಗೋಕಾಕದ ಸಮೀಪದಲ್ಲಿ ಅವರಿಗೆ ಪುರಾತನ ಖಡ್ಗಮೃಗದ ಅವಶೇಷಗಳು ಲಭಿಸಿದುವು. ಬಿಡಿ ಎಲುಬಿನಿಂದ ಪ್ರಾಣಿಯನ್ನು ಗುರುತಿಸುವುದು ಹೇಗೆ? ಹಲ್ಲಿನ ಏಣುಗಳನ್ನೂ ದವಡೆಯ ಆಕಾರವನ್ನೂ ಬದುಕಿರುವ ಪ್ರಾಣಿಗಳ ಅಸ್ಥಿಪಂಜರದೊಡನೆ ಹೋಲಿಸಿ ನೋಡಬೇಕು. ಹೀಗೆ ಪರಿಶೀಲಿಸಿ ಫೂಟರು 1874ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ದಖ್ಖನದ ಹೆಸರನ್ನೇ ಅದಕ್ಕಿಟ್ಟರು. ಇದು ಡೈನೋಸಾರುಗಳ ಕಾಲದ್ದಲ್ಲ. ಅವು ಅಳಿದು ಕೋಟಿಗಟ್ಟಲೆ ವರ್ಷಗಳಾದ ಮೇಲಿನ ಪ್ರಾಣಿ.

ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳಲ್ಲಿ ಎಲುಬುಗಳಿವೆಯೆಂದು ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1844ರಲ್ಲಿಯೇ ತಿಳಿಸಿದ್ದನು. ನಾಲ್ಕು ದಶಕಗಳ ತರುವಾಯ ಫೂಟರು ಆ ಗುಹೆಗಳನ್ನು ಮತ್ತೆ ಹುಡುಕಿ ಅಗೆಯಿಸಿದರು. ಮಗ ಹೆನ್ರಿ ಆ ಕಾರ್ಯವನ್ನು ಮುಂದುವರಿಸಿದನು. ಅಲ್ಲಿ ದೊರೆತ ನಾನಾ ಪ್ರಾಣಿಗಳ ಎಲುಬುಗಳನ್ನು ಲಿಡೆಕರ್ ಎಂಬ ವಿದ್ವಾಂಸರು 1886ರಲ್ಲಿ ವರ್ಣಿಸಿದರು. ಈಗ ದಕ್ಷಿಣದಲ್ಲೆಲ್ಲಿಯೂ ಕಾಡಿನಲ್ಲಿ ಕಾಣದ ಖಡ್ಗಮೃಗ ಅಲ್ಲಿಯೂ ಇದ್ದಿತು.

ಫೂಟರು 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪ್ರಥಮ ಮುಖ್ಯಸ್ಥರಾದರು. ತಾವು ಕೂಡಿಸಿದ ಪುರಾತನ ಆಯುಧ, ಮಡಕೆಚೂರುಗಳನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಯಾವ ವಸ್ತು ಯಾವ ಊರಿನದೆಂಬುದನ್ನು ತಿಳಿಸುವ ಅವರ ವಿವರವಾದ ಪಟ್ಟಿಯು, 1912ರ ಡಿಸೆಂಬರ 29ರಂದು ಅವರು ಕಾಲವಾದ ಬಳಿಕ ಅಚ್ಚಾಯಿತು. ಸ್ಥಳವನ್ನು ಬರೆದಿಡದೆ ಎತ್ತಿಕೊಂಡ ಎಲುಬು ಮೂಕ. ಬರೆದಿಟ್ಟರೆ ಅದೇ ಇತಿಹಾಸ.

ವಿದ್ಯಾರ್ಥಿಗಳೇ, ಕಲ್ಯಾಣದಿಂದ ಠಾಣೆಗೆ ರೈಲಿನಲ್ಲಿ ಹೋಗುವಾಗ ಪಾರಸಿಕದ ಕರಿಗುಡ್ಡವನ್ನು ನೋಡಿರಿ. ಅದು ಸುಮಾರು 6 ಕೋಟಿ ವರ್ಷಗಳಿಗೂ ಹಿಂದೆ ಹರಿದು ಗಟ್ಟಿಯಾದ ಲಾವಾರಸ. ದಿನವೂ ಕಾಣುವುದನ್ನು ಗಮನವಿಟ್ಟು ನೋಡಿ, ನೋಡಿದುದನ್ನು ಬರೆದಿಡುವ ಅಭ್ಯಾಸವೇ ಫೂಟರು ನಮಗೆ ಬಿಟ್ಟುಹೋದ ಪಾಠ.